ತಿರುಗಿ ಬಾರದವರು

(ಆಪ್ತ ಸಮಾಲೋಚಕರ ನಿರಂತರ ಕಲಿಕೆಯನ್ನು ಕುರಿತು ಧಾರವಾಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಇಟ್ಟ ದಂಪತಿ ತಮ್ಮ ಹೆಸರನ್ನು ವೇದಿಕೆಯಿಂದ ಹೇಳಕೂಡದು ಎಂದು ಮೊದಲೇ ಕಟ್ಟಪ್ಪಣೆ ಮಾಡಿದ್ದಾರೆ. ಪಾಲಿಸುತ್ತೇನೆ. ಆಮಂತ್ರಣ ಕೊಡಲು ಮನೆಗೆ ಬಂದಾಗ ಆ ತಾಯಿ ಕೇಳಿದ ಪ್ರಶ್ನೆಯನ್ನು ಮಾತ್ರ ಹೇಳಿಬಿಡುತ್ತೇನೆ. “ನೀವು ಕಲಿತದ್ದು ಹಳೇದಾದ್ರ ನಿಮಗ ಹೆಂಗ ಗೊತ್ತಾಗ್ತದ್ರಿ?” ನಾನು ಏನೋ ಹಾರಿಕೆಯ ಉತ್ತರ ಕೊಟ್ಟೆ. ಅವರು ಹೋದ ಮೇಲೆ ಹೊಳೆಯಿತು, ನನಗೆ ಉತ್ತರ ಗೊತ್ತಿರಲಿಲ್ಲ. ಇವತ್ತಿನ ಮಾತು ಅಲ್ಲಿಂದಲೇ ಹುಟ್ಟಿದ್ದು.

ನಮ್ಮ ಓಣಿಯಲ್ಲಿ ಒಬ್ಬ ದರ್ಜಿ ಇದ್ದಾರೆ. ಜಂಪರಿನ ಬಗಲು ಬಿಗಿಯಾದರೆ ಹೆಣ್ಣುಮಕ್ಕಳು ಮರುದಿನವೇ ಅಂಗಡಿಗೆ ಬಂದು, ನಾಲ್ಕು ಮಂದಿಯ ಎದುರಿಗೇ ಅವರನ್ನು ಬೈದು, ಬಿಚ್ಚಿ ಹೊಲಿಸಿಕೊಂಡು ಹೋಗುತ್ತಾರೆ. ಬೈಸಿಕೊಂಡು ಬೈಸಿಕೊಂಡೇ ಅವರ ಕೈ ಪಳಗಿದೆ. ನಮ್ಮ ಕಸುಬಿನಲ್ಲಿ ಬಿಗಿಯಾದ ಜಂಪರು ವಾಪಸು ಬರುವುದಿಲ್ಲ. ನನ್ನ ಮಾತು ಚುಚ್ಚಿದ ಹೆಣ್ಣುಮಗಳು “ಮುಂದಿನ ವಾರ ಬರ್ತೇನ್ರಿ” ಎಂದು ಕೈಮುಗಿದು ಹೋಗುತ್ತಾಳೆ, ಬರುವುದಿಲ್ಲ. ನಾನು ರಿಜಿಸ್ಟರಿನಲ್ಲಿ ‘ಗೈರು’ ಎಂದು ಬರೆದು ಸಮಾಧಾನ ಮಾಡಿಕೊಳ್ಳುತ್ತೇನೆ. ಬಸ್ಸು ಸಿಗಲಿಲ್ಲವೇನೋ, ಗಂಡ ಬಿಡಲಿಲ್ಲವೇನೋ, ಆರಾಮಾಗಿಯೇ ಬಿಟ್ಟಳೇನೋ. ಈ ಮೂರರಲ್ಲಿ ಒಂದಾದರೂ ನನ್ನ ತಪ್ಪೇ ನೋಡಿ.

ಇದು ನನ್ನೊಬ್ಬಳ ಚಾಳಿಯಲ್ಲ. ಅಮೆರಿಕದ ಬೇರೆ ಬೇರೆ ರಾಜ್ಯಗಳ 129 ಮಂದಿ ಮನೋಚಿಕಿತ್ಸಕರಿಗೆ ‘ನಿಮ್ಮ ಜೊತೆಯವರಿಗೆ ಹೋಲಿಸಿದರೆ ನೀವು ಎಷ್ಟರಮಟ್ಟಿಗೆ ಗಟ್ಟಿ?’ ಎಂದು ಕೇಳಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ತಾನು ಸರಾಸರಿಗಿಂತ ಕೆಳಗೆ ಎಂದವರು ಒಬ್ಬರೂ ಇಲ್ಲ. ಕಾಲು ಭಾಗದಷ್ಟು ಜನ, ನೂರು ಮಂದಿಯಲ್ಲಿ ಮೊದಲ ಹತ್ತರೊಳಗೆ ತಮ್ಮನ್ನು ತಾವೇ ಕೂಡಿಸಿಕೊಂಡರು. ನಗು ಬಂತು. ಆಮೇಲೆ, ನನ್ನನ್ನು ಕೇಳಿದ್ದರೆ ನಾನೂ ಅಲ್ಲೇ ಹೋಗಿ ಕೂಡುತ್ತಿದ್ದೆ ಎನಿಸಿ ನಗು ನಿಂತಿತು.

2016ರಲ್ಲಿ ಬಂದ ಸೈಮನ್ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರ ಅಧ್ಯಯನ ಇನ್ನೂ ಬಿಸಿ ಮುಟ್ಟಿಸುವಂಥದು. 170 ಚಿಕಿತ್ಸಕರು, ಅವರು ವರ್ಷಗಟ್ಟಲೆ ನೋಡಿದ 6,500ಕ್ಕೂ ಹೆಚ್ಚು ಜನ. ಅನುಭವ ಏರಿದಂತೆ ಗುಣವೂ ಏರಿತೇ ಎಂದು ಲೆಕ್ಕ ಹಾಕಿದರೆ, ಒಟ್ಟಿನಲ್ಲಿ ಕೂದಲೆಳೆಯಷ್ಟು ಇಳಿದಿತ್ತು. ಕೆಲವರು ಸುಧಾರಿಸಿದ್ದೂ ಉಂಟು, ಅದು ಬೇರೆ. ನಡುವೆ ಬಿಟ್ಟುಹೋಗುವವರ ಸಂಖ್ಯೆ ಮಾತ್ರ ಅನುಭವದೊಂದಿಗೆ ತಗ್ಗಿತ್ತು. ಇದನ್ನು ನಾನು ಓದಿಕೊಳ್ಳುವುದು ಹೀಗೆ: ವರ್ಷ ಕಳೆದಂತೆ ನಾವು ಜನರನ್ನು ಹಿಡಿದು ಕೂಡಿಸುವುದನ್ನು ಕಲಿಯುತ್ತೇವೆ. ದನಿಗೆ ಜೇನು ಬರುತ್ತದೆ, ಮುಖಕ್ಕೆ ಶಾಂತಿ ಬರುತ್ತದೆ. ಕಾಯಿಲೆಗೆ ಅದು ತಿಳಿಯುವುದಿಲ್ಲ.

ಹಾಗಾದರೆ ಕಲಿಕೆ ಎಲ್ಲಿಂದ ಬರಬೇಕು? ನನಗೆ ಬಂದದ್ದು ಒಂದು ಟೇಪ್ ರೆಕಾರ್ಡರಿನಿಂದ. ಮುಂದೆ ಹೇಳುವ ಪ್ರಸಂಗಗಳಲ್ಲಿ ಊರು, ವಯಸ್ಸು, ನಂಟು ಎಲ್ಲ ಬದಲಿಸಿದ್ದೇನೆ, ಹುಡುಕುವ ಗೋಜಿಗೆ ಹೋಗಬೇಡಿ.

1996. ಮಂಗಳವಾರಕ್ಕೊಮ್ಮೆ ಬಾಗಿಲು ತೆರೆಯುತ್ತಿದ್ದ ಸಣ್ಣ ಕೇಂದ್ರ. ಮನಃಶಾಸ್ತ್ರದ ಎಂ.ಎ. ಮುಗಿಸಿ ಅಲ್ಲಿ ಸೇರಿದ್ದ ನನಗೆ ನನ್ನ ಹಿರಿಯರು ಹೇಳಿದ್ದರು, “ಬಂದವರ ಒಪ್ಪಿಗಿ ತಗೊಂಡು ಒಂದು ತಾಸು ಟೇಪ್ ಮಾಡಿಕೊಂಡು ಬಾ, ಕೇಳೋಣ.” ಹಳ್ಳಿಯಿಂದ ಬಂದ ಮೂವತ್ತರ ಹೆಣ್ಣುಮಗಳು, ಮೂರು ಮಕ್ಕಳು, ಗಂಡ ಗೋವಾ ಕಡೆ ದುಡಿಯಲು ಹೋದವನು ಹಣ ಕಳಿಸುವುದು ಬಿಟ್ಟಿದ್ದ. ಚೆನ್ನಾಗಿ ಮಾತಾಡಿದೆ ಎಂದುಕೊಂಡು ಕ್ಯಾಸೆಟ್ ಒಯ್ದೆ. ಹಿರಿಯರು ಮೊದಲು ನನ್ನ ಕೈಗೆ ಗಡಿಯಾರ ಕೊಟ್ಟು, ನೀನು ಮಾತಾಡಿದ ಹೊತ್ತೆಷ್ಟು, ಆಕೆ ಮಾತಾಡಿದ ಹೊತ್ತೆಷ್ಟು ಬರಿ ಎಂದರು. ನಲವತ್ತೈದು ನಿಮಿಷದಲ್ಲಿ ಆಕೆಯ ಪಾಲು ಹದಿನೈದೂ ಇರಲಿಲ್ಲ. ಅವಮಾನವೆಂದರೆ ಅದು. ನಿಜವಾದ ಪಾಠ ಅದಾದ ಮೇಲಿತ್ತು. ಟೇಪಿನಲ್ಲಿ ಆಕೆಯ ದನಿ: “ಒಂದೊಂದ್ ಸಲ ಬಾವಿ ನೋಡ್ಕೋಬೇಕು ಅನಸ್ತದ್ರಿ.” ಬೆನ್ನಿಗೇ ನನ್ನ ದನಿ: “ಛೆ ಛೆ, ಹಂಗೆಲ್ಲಾ ಅನಬಾರದವಾ, ಮಕ್ಕಳ ಮಾರಿ ನೋಡು.”

ಹಿರಿಯರು ಟೇಪನ್ನು ಹಿಂದಕ್ಕೆ ತಿರುಗಿಸಿದರು. ಮತ್ತೆ ಹಾಕಿದರು. ಮೂರು ಸಲ. ಆಮೇಲೆ, “ಆಕಿ ಮಾತಿಗೂ ನಿನ್ನ ಮಾತಿಗೂ ನಡುವ ಎಷ್ಟು ಜಾಗ ಅದ, ಹೇಳು” ಎಂದರು. ಜಾಗವೇ ಇರಲಿಲ್ಲ. ‘ಕೆರೆ ಬಾವಿ ನೋಡಿಕೊಳ್ಳುವುದು’ ಅಂದರೆ ಏನೆಂದು ಕನ್ನಡ ಬಲ್ಲ ಯಾರಿಗೂ ಹೇಳಿಕೊಡಬೇಕಿಲ್ಲ, ನನಗೂ ಗೊತ್ತಿತ್ತು. ಗೊತ್ತಿದ್ದೇ ಆ ಬಾಗಿಲನ್ನು ದಡಕ್ಕನೆ ಮುಚ್ಚಿದ್ದೆ. ಕೇಳಿದರೆ ಇಲ್ಲದ ವಿಚಾರವನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ನನಗಿತ್ತು. ಆತ್ಮಹತ್ಯೆಯ ಯೋಚನೆಯ ಬಗ್ಗೆ ನೇರವಾಗಿ ಕೇಳುವುದರಿಂದ ಅದು ಹೆಚ್ಚುವುದಿಲ್ಲ, ಬದಲಿಗೆ ಎದೆಯ ಭಾರ ಇಳಿಯುತ್ತದೆ ಎಂಬುದನ್ನು ನಾನು ಓದಿಕೊಂಡದ್ದು ಆ ದಿನದ ನಂತರವೇ.

ಪುಣ್ಯಕ್ಕೆ ಆಕೆ ಮುಂದಿನ ಮಂಗಳವಾರ ಬಂದಳು. “ಹೋದ ವಾರ ನೀವು ಬಾವಿ ಮಾತು ಆಡಿದ್ರಿ. ಸಾಯಬೇಕು ಅಂತ ಅನಸ್ತದೇನವಾ?” ಎಂದು ಕೇಳಿದೆ. ನನ್ನ ದನಿ ನಡುಗುತ್ತಿತ್ತು, ಆಕೆಯದಲ್ಲ. ಆಕೆ ಕಾಲುಂಗುರ ತಿರುವುತ್ತ ಹೇಳಿದ್ದು: “ಕೇಳ್ತೀರೋ ಇಲ್ಲೋ ಅಂತ ನೋಡ್ಲಿಕ್ಕೇ ಅಂದಿದ್ದೆರಿ.” ಅವತ್ತು ನಾನು ಹೆಚ್ಚು ಮಾತಾಡಲಿಲ್ಲ. ಸಂಜೆಯೊಳಗೆ ಆಕೆಯ ಅಣ್ಣ ಬಂದ, ಮರುದಿನ ಮನೋವೈದ್ಯರ ಹತ್ತಿರ ಕರೆದೊಯ್ದೆವು. ಆಕೆ ಬಾರದೇ ಹೋಗಿದ್ದರೆ? ರಿಜಿಸ್ಟರಿನಲ್ಲಿ ‘ಗೈರು’ ಎಂದಿರುತ್ತಿತ್ತು, ಅಷ್ಟೇ.

ಮಾತನ್ನು ಮುದ್ರಿಸಿಕೊಂಡು ಕೇಳುವುದು ಹೊಸ ಉಪಾಯವೇನಲ್ಲ. 1940ರ ಸುಮಾರಿಗೆ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಮತ್ತವರ ವಿದ್ಯಾರ್ಥಿಗಳು ಗ್ರಾಮಫೋನ್ ತಟ್ಟೆಗಳ ಮೇಲೆ ಇಡೀ ಭೇಟಿಗಳನ್ನು ಮುದ್ರಿಸಿಕೊಂಡರು. ಕೆಲವೇ ನಿಮಿಷಕ್ಕೊಮ್ಮೆ ತಟ್ಟೆ ಬದಲಿಸಬೇಕಿತ್ತು. 1942ರ ತಮ್ಮ ಪುಸ್ತಕದಲ್ಲಿ ರೋಜರ್ಸ್ ಒಬ್ಬ ವ್ಯಕ್ತಿಯ ಎಂಟೂ ಭೇಟಿಗಳ ಮಾತನ್ನು ಅಕ್ಷರಶಃ ಅಚ್ಚು ಹಾಕಿಸಿದರು. ಅಲ್ಲಿಯವರೆಗೆ ಬಹುಮಟ್ಟಿಗೆ ಚಿಕಿತ್ಸೆಯ ಕೋಣೆಯಲ್ಲಿ ಏನು ನಡೆಯಿತು ಎಂಬುದಕ್ಕೆ ಚಿಕಿತ್ಸಕನ ನೆನಪೇ ಸಾಕ್ಷಿ. ನೆನಪು ಯಾವಾಗಲೂ ನಮ್ಮ ಪಕ್ಷದ ವಕೀಲ. ಈಗ ಎಲ್ಲರ ಜೇಬಿನಲ್ಲೂ ಧ್ವನಿಮುದ್ರಣದ ಯಂತ್ರವಿದೆ. ಆದರೂ ತನ್ನ ಕೆಲಸವನ್ನು ತಾನೇ ಒಮ್ಮೆ ಕೇಳಿಸಿಕೊಂಡಿರುವ ಸಮಾಲೋಚಕರು ಎಷ್ಟು ಮಂದಿ ಎಂದು ಈ ಸಭೆಯಲ್ಲಿ ಕೈ ಎತ್ತಿಸುವುದಿಲ್ಲ, ಹೆದರಬೇಡಿ.

ನಾವು ಕಲಿಕೆ ಎಂದು ಕರೆಯುವುದು ಬೇರೆಯದನ್ನೇ. ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ 1992ರ ಕಾಯ್ದೆಯಿಂದ ಹುಟ್ಟಿದ ಆರ್‌ಸಿಐ, ತನ್ನಲ್ಲಿ ನೋಂದಾಯಿಸಿದ ಕ್ಲಿನಿಕಲ್ ಸೈಕಾಲಜಿಸ್ಟರಿಗೆ ನೋಂದಣಿ ನವೀಕರಿಸಲು ಅಂಕ ಕೂಡಿಸುವ ಪದ್ಧತಿ ಇಟ್ಟಿದೆ. ಉದ್ದೇಶ ಒಳ್ಳೆಯದೇ. ಆದರೆ ಅಂಥ ಕಾರ್ಯಾಗಾರಗಳಲ್ಲಿ ನಾನು ಕಂಡದ್ದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಬಾಗಿಲಲ್ಲಿ ಚೀಲ, ಪ್ಯಾಡು, ಪೆನ್ನು. ಹತ್ತೂವರೆಗೆ ಉಪ್ಪಿಟ್ಟು. ನೂರಾ ಹತ್ತು ಸ್ಲೈಡು. ಪ್ರಶ್ನೋತ್ತರದ ಹೊತ್ತಿನಲ್ಲಿ ಕೇಳಿಬಂದ ಒಂದೇ ಪ್ರಶ್ನೆ, “ಸರ್, ಇದಕ್ಕೆ ಎಷ್ಟು ಪಾಯಿಂಟು?” ಕೊರೋನಾ ನಂತರ ಉಪ್ಪಿಟ್ಟೂ ಹೋಗಿ ವೆಬಿನಾರು ಬಂತು. ನಾನೇ ಒಮ್ಮೆ ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಒರಗಿಸಿಟ್ಟು ದುಃಖದ ಕುರಿತ ಎರಡು ತಾಸಿನ ಉಪನ್ಯಾಸಕ್ಕೆ ‘ಹಾಜರಾಗಿ’ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದೇನೆ. ಎಣ್ಣೆಗಾಯಿ ಚೊಲೋ ಆಗಿತ್ತು. ಪ್ರಮಾಣಪತ್ರವೂ ಬಂತು.

ಅದೂ ಇಲ್ಲದವರ ಮಾತು ಬೇರೆ. ಸಾಂತ್ವನ ಕೇಂದ್ರದಲ್ಲಿ, ಶಾಲೆ ಕಾಲೇಜುಗಳಲ್ಲಿ, ಎಚ್‌ಐವಿ ಪರೀಕ್ಷೆಯ ಐಸಿಟಿಸಿ ಕೇಂದ್ರದಲ್ಲಿ, ಮಕ್ಕಳ ಸಹಾಯವಾಣಿಯಲ್ಲಿ ‘ಆಪ್ತ ಸಮಾಲೋಚಕರು’ ಎಂಬ ಹೆಸರಿನ ನಮ್ಮವರಲ್ಲಿ ಬಹುಪಾಲು ಜನ ಆರ್‌ಸಿಐ ಪಟ್ಟಿಯೊಳಗೆ ಬರುವವರೇ ಅಲ್ಲ. 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ಪಟ್ಟಿಯಲ್ಲಿ ಸಮಾಲೋಚಕರಿಗೆ ಜಾಗ ಸಿಕ್ಕಿದೆ, ಒಳ್ಳೆಯದಾಯಿತು. ಆದರೆ ಗುತ್ತಿಗೆಯ ಸಂಬಳದಲ್ಲಿ ಇರುವ ಹುಡುಗಿ ತರಬೇತಿಗೆ ರಜೆ ಕೇಳಿದರೆ ದಿನಗೂಲಿ ಕಡಿತ. ಬೆಂಗಳೂರಿಗೆ ಹೋಗಿ ಬರುವ ಖರ್ಚು ಅವಳದೇ. ಅಲ್ಲಿ ನಡೆಯುವುದು ಇಂಗ್ಲಿಷಿನಲ್ಲಿ.

ಕಲಿತದ್ದು ಹಳೆಯದಾಗುವುದು ಎಂದರೆ ಏನು ಎಂಬುದಕ್ಕೆ ಒಂದು ಕಥೆ. 2009ರ ಅಕ್ಟೋಬರ್ ಮೊದಲ ವಾರ, ಉತ್ತರ ಕರ್ನಾಟಕದ ನೆರೆ. ಮಲಪ್ರಭೆಯ ದಂಡೆಯ ಊರೊಂದರ ಶಾಲೆಯಲ್ಲಿ ಪರಿಹಾರ ಶಿಬಿರ. ನಾವು ನಾಲ್ಕು ಜನ ಉತ್ಸಾಹದಿಂದ ಹೋದೆವು. ಹೆಂಗಸರನ್ನು ದುಂಡಗೆ ಕೂಡಿಸಿ, ನೀರು ಬಂದ ರಾತ್ರಿ ಏನಾಯಿತು ಎಂದು ಒಬ್ಬೊಬ್ಬರಿಂದಲೂ ಹೇಳಿಸಿದೆವು. ಒಳಗಿನದು ಹೊರಗೆ ಬಂದರೆ ಹಗುರಾಗುತ್ತದೆ ಎಂದು ನಮಗೆ ಕಲಿಸಿದ್ದರು. ಒಬ್ಬ ಮುದುಕಿ ತನ್ನ ಸರದಿ ಬಂದಾಗ “ನನಗ ಬ್ಯಾಡ್ರಿ” ಎಂದಳು. “ಹೇಳಜ್ಜಿ, ಹೇಳಿದ್ರ ಸಮಾಧಾನ ಆಗ್ತದ” ಎಂದು ಒತ್ತಾಯಿಸಿದವಳು ನಾನು. ಆಕೆ ಹೇಳಿದಳು. ಆ ರಾತ್ರಿ ಶಿಬಿರದಲ್ಲಿ ಆಕೆ ಮಲಗಲಿಲ್ಲ ಎಂದು ಮರುದಿನ ಅಡುಗೆಯವರು ಹೇಳಿದರು.

ನಾವು ಮಾಡಿದ್ದು 1980ರ ದಶಕದಲ್ಲಿ ಜೆಫ್ರಿ ಮಿಚೆಲ್ ರೂಪಿಸಿದ ‘ಡಿಬ್ರೀಫಿಂಗ್’ ಪದ್ಧತಿಯ ನಕಲಿನ ನಕಲು. ಅದನ್ನು ಕಾರ್ಡಿಫ್‌ನಲ್ಲಿ ಸುಟ್ಟಗಾಯಗಳಾದವರ ಮೇಲೆ ಪರೀಕ್ಷಿಸಿದ ವರದಿ 1997ರಲ್ಲೇ ಪ್ರಕಟವಾಗಿತ್ತು. ಹದಿಮೂರು ತಿಂಗಳ ನಂತರ ನೋಡಿದರೆ, ಹೀಗೆ ಕೂಡಿಸಿ ಹೇಳಿಸಿದವರಲ್ಲಿ ಶೇ. 26 ಮಂದಿಗೆ ಆಘಾತೋತ್ತರ ಒತ್ತಡದ ಕಾಯಿಲೆ ಇತ್ತು, ತಮ್ಮ ಪಾಡಿಗೆ ಬಿಟ್ಟವರಲ್ಲಿ ಶೇ. 9 ಮಂದಿಗೆ. 2002ರ ಕಾಕ್ರೇನ್ ಪರಾಮರ್ಶೆ, ಕಡ್ಡಾಯವಾಗಿ ಹೀಗೆ ಮಾಡಿಸುವುದನ್ನು ನಿಲ್ಲಿಸಬೇಕು ಎಂದು ಹೇಳಿ ಏಳು ವರ್ಷ ಕಳೆದಿತ್ತು. ನಾನು ಓದಿರಲಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಸಂಗಡಿಗ ಸಂಸ್ಥೆಗಳು ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದು ಸರಳ: ಸುರಕ್ಷಿತ ಜಾಗ, ನೀರು, ಅನ್ನ, ಮನೆಯವರ ಸುದ್ದಿ, ಪಕ್ಕದಲ್ಲಿ ಒಂದು ಜೀವ. ಹೇಳಿದರೆ ಕೇಳಿ, ಹೇಳಿಸಬೇಡಿ. ಶಿಬಿರದ ಅಡುಗೆಯವರು ಅದನ್ನೇ ಮಾಡುತ್ತಿದ್ದರು.

ಕಾನೂನೂ ಹಾಗೆಯೇ ಕಾಲಕೆಳಗೆ ಸರಿಯುತ್ತದೆ. ‘ಇಲ್ಲಿ ಆಡಿದ ಮಾತು ಈ ಗೋಡೆ ದಾಟುವುದಿಲ್ಲ’ ಎಂದು ಪ್ರತಿಯೊಬ್ಬರಿಗೂ ಮೊದಲ ದಿನ ಹೇಳುವುದು ನಮ್ಮ ರೂಢಿ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕು. ಮಾಡದಿದ್ದರೆ ಶಿಕ್ಷೆ ಇದೆ. ಅಂದ ಮೇಲೆ ಹದಿನಾಲ್ಕರ ಹುಡುಗಿಗೆ ಆ ಹಳೆಯ ಮಾತು ಕೊಟ್ಟರೆ, ಅದು ನಾವು ಮುರಿಯಲಿರುವ ಮಾತು. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎಂದಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನವನ್ನು ಅಪರಾಧವೆಂದಿದ್ದ ಹಳೆಯ 309ನೇ ಕಲಮು ಇಲ್ಲ. ‘ಪೊಲೀಸ್ ಕೇಸ್ ಆಗ್ತದ’ ಎಂದು ಹೆದರಿ ಆಸ್ಪತ್ರೆಗೆ ಸುಳ್ಳು ಹೇಳುವ ಮನೆಯವರಿಗೆ ಇದನ್ನು ತಿಳಿಸಬೇಕಾದವರು ಯಾರು? ನಾವು ತಾನೆ.

ಗೊತ್ತಿಲ್ಲದ್ದನ್ನು ಒಪ್ಪಿಕೊಂಡು ಕಲಿಯುವುದರಲ್ಲಿ ನನಗೆ ಮೇಲ್ಪಂಕ್ತಿಯಾದವರು ಒಬ್ಬ ನ್ಯಾಯಾಧೀಶರು. ಮಧುರೆಯ ಇಬ್ಬರು ಯುವತಿಯರು, ಒಬ್ಬರನ್ನೊಬ್ಬರು ಪ್ರೀತಿಸಿದವರು, ಮನೆಯವರಿಂದ ರಕ್ಷಣೆ ಕೋರಿ ಮದ್ರಾಸ್ ಹೈಕೋರ್ಟಿಗೆ ಹೋದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್, ಈ ವಿಷಯ ತನಗೇ ಸರಿಯಾಗಿ ತಿಳಿದಿಲ್ಲ ಎಂದು ತೆರೆದ ನ್ಯಾಯಾಲಯದ ಆದೇಶದಲ್ಲೇ ಒಪ್ಪಿಕೊಂಡು, ಮನಃಶಾಸ್ತ್ರಜ್ಞೆಯೊಬ್ಬರ ಎದುರು ಕೂತು ಕಲಿತು, ಆಮೇಲೆ 2021ರ ಜೂನ್‌ನಲ್ಲಿ ಆದೇಶ ಬರೆದರು. ಸಲಿಂಗಪ್ರೀತಿಯನ್ನು ‘ಸರಿಪಡಿಸುವ’ ಚಿಕಿತ್ಸೆಗಳನ್ನು ಅದು ನಿಷೇಧಿಸಿತು. ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಂಥ ಚಿಕಿತ್ಸೆ ವೃತ್ತಿದ್ರೋಹ ಎಂದು ಸಾರಿತು. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗಪ್ರೀತಿಯನ್ನು ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟದ್ದು 1990ರಲ್ಲಿ. ನನ್ನ ಎಂ.ಎ. ಟಿಪ್ಪಣಿಗಳಲ್ಲಿ ಅದು ಇನ್ನೂ ಕಾಯಿಲೆಯೇ ಆಗಿತ್ತು, ಆ ಟಿಪ್ಪಣಿಗಳ ಬಲದ ಮೇಲೆ ಎಷ್ಟು ವರ್ಷ ಮಾತಾಡಿದೆನೋ. ಆ ಮಾತು ಕೇಳಿಸಿಕೊಂಡು ಹೋದವರಲ್ಲೂ ಯಾರೂ ತಿರುಗಿ ಬಂದು ಬೈಯಲಿಲ್ಲ.

ಭಾಷೆಯ ಮಾತನ್ನು ಚುಟುಕಾಗಿ ಹೇಳುತ್ತೇನೆ. ಮೂವತ್ತು ವರ್ಷದಲ್ಲಿ ‘ನನಗೆ ಖಿನ್ನತೆ’ ಎನ್ನುತ್ತ ಬಂದ ರೈತನನ್ನು ನಾನು ಕಂಡಿಲ್ಲ. ‘ಜೀವಕ್ಕ ಬ್ಯಾಸರ’, ‘ಎದಿ ಮ್ಯಾಲ ಕಲ್ಲು ಇಟ್ಟಂಗ’, ‘ಮನಸಿಗೆ ಹಚ್ಚಿಕೊಂಡಾಳ’, ಮಲೆನಾಡಿನ ಕಡೆ ‘ಮಂಡೆಬಿಸಿ’. ಇವನ್ನು ಒಡೆದು ಕೇಳುವುದು ಯಾವ ಸ್ಲೈಡಿನಲ್ಲೂ ಇಲ್ಲ. ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಕನ್ನಡದಲ್ಲಿ ನೂರಾರು ಪುಸ್ತಕ ಬರೆದು ಓದುಗರಿಗೆ ದಾರಿ ಮಾಡಿದರು. ಕಸುಬಿನವರಿಗಾಗಿ ಕನ್ನಡದಲ್ಲಿ ಕಲಿಕೆಯ ಸಾಮಗ್ರಿ ಇನ್ನೂ ಬೊಗಸೆಯಷ್ಟು. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್, 14416, ಕನ್ನಡದಲ್ಲಿಯೂ ಮಾತಾಡುತ್ತದೆ. ಆ ತುದಿಯಲ್ಲಿ ಕೂತ ಹುಡುಗ ಹುಡುಗಿಯರಿಗೆ ಬೀದರದ ಕನ್ನಡವೂ ಕುಂದಾಪುರದ ಕನ್ನಡವೂ ಒಂದೇ ದಿನ ಕಿವಿಗೆ ಬೀಳುತ್ತವೆ.

ಹಾಗಾದರೆ ಮಾಡುವುದೇನು? ಉತ್ತರ ನಮ್ಮ ಪಕ್ಕದ ಗೋವೆಯಲ್ಲೇ ಇತ್ತು. 1996ರಲ್ಲಿ ಶುರುವಾದ ಸಂಗಾತ್ ಸಂಸ್ಥೆ, ಮನಃಶಾಸ್ತ್ರದ ಗಾಳಿಗಂಧ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಗೆ ಆರರಿಂದ ಎಂಟು ಭೇಟಿಗಳ ಸಮಾಲೋಚನೆ ಮಾಡಿಸಿತು. ಪರಿಣಾಮ ಚೆನ್ನಾಗಿತ್ತು, ಅದು ಜಗತ್ತಿಗೇ ಗೊತ್ತು. ನನ್ನ ಕಣ್ಣು ಹೋದದ್ದು ಇನ್ನೊಂದರ ಕಡೆ. ಅವರು ತಮ್ಮ ಭೇಟಿಗಳನ್ನು ಮುದ್ರಿಸಿಕೊಂಡು, ಗುಂಪಾಗಿ ಕೂತು, ಒಬ್ಬರದನ್ನು ಇನ್ನೊಬ್ಬರು ಕೇಳಿ ಅಂಕ ಕೊಡುತ್ತಿದ್ದರು. ಆ ಅಂಕಗಳನ್ನು ತಜ್ಞರ ಅಂಕಗಳ ಪಕ್ಕದಲ್ಲಿಟ್ಟು ನೋಡಿದಾಗ ಸಾಕಷ್ಟು ಹೊಂದುತ್ತಿದ್ದವು. ಅಂದರೆ ತಜ್ಞರು ಸಿಗಲಿಲ್ಲ ಎಂದು ಕೈಕಟ್ಟಿ ಕೂಡಬೇಕಾಗಿಲ್ಲ.

ಅದನ್ನು ಓದಿ ನಾವು ಐದು ಜನ ಸಮಾಲೋಚಕರು ಸೋಮವಾರ ಸಂಜೆ ನಮ್ಮ ಮನೆಯಲ್ಲಿ ಸೇರತೊಡಗಿದೆವು. ಒಬ್ಬಾಕೆ ಪಿಯು ಕಾಲೇಜಿನವಳು, ಒಬ್ಬರು ಆಸ್ಪತ್ರೆಯವರು, ಇಬ್ಬರು ಸ್ವಯಂಸೇವಾ ಸಂಸ್ಥೆಯವರು, ನಾನು. ಬಂದವರ ಲಿಖಿತ ಒಪ್ಪಿಗೆ ಇಲ್ಲದೆ ಮುದ್ರಿಸುವಂತಿಲ್ಲ, ಹೆಸರು ಕೇಳಿಸುವಂತಿಲ್ಲ, ಕೇಳಿದ ಮೇಲೆ ನಮ್ಮೆದುರೇ ಅಳಿಸಬೇಕು. ಹತ್ತು ನಿಮಿಷದ ತುಣುಕು ಸಾಕು. ಚೆನ್ನಾಗಿ ನಡೆದದ್ದನ್ನು ತರಬಾರದು, ಎಡವಿದ್ದನ್ನೇ ತರಬೇಕು. ‘ನಾನಾಗಿದ್ದರೆ’ ಎಂದು ಶುರುಮಾಡಿದವರ ಮಾತನ್ನು ಅಲ್ಲೇ ತಡೆಯಬೇಕು. ಗಿರ್ಮಿಟ್ಟು ಮತ್ತು ಚಹ ಕೊನೆಗೇ, ಮೊದಲು ಕೊಟ್ಟರೆ ಹರಟೆಯಾಗುತ್ತದೆ. ಮೊದಲ ಮೂರು ತಿಂಗಳು ಎಲ್ಲರೂ ತಂದದ್ದು ತಮ್ಮ ಒಳ್ಳೆಯ ತುಣುಕುಗಳನ್ನೇ. ಒಬ್ಬರು ಎರಡು ಸಲ ಫೋನ್ ಮರೆತು ಬಂದರು. ನಾಲ್ಕನೆಯ ತಿಂಗಳು ಆಸ್ಪತ್ರೆಯವರು ತಮ್ಮ ಮೇಲೆ ರೇಗಿದ ತಂದೆಯೊಬ್ಬನ ತುಣುಕು ಹಾಕಿ ತಾವೇ ಅತ್ತರು. ಗುಂಪು ಶುರುವಾದದ್ದು ಅವತ್ತು.

ದತ್ತಿಯ ಹಿರಿಯರಲ್ಲಿ ಒಂದು ವಿನಂತಿ ಇದೆ. ಬರುವ ವರ್ಷ ಬಡ್ಡಿ ಹಣದಲ್ಲಿ ಇನ್ನೊಬ್ಬ ಭಾಷಣಕಾರರನ್ನು ಕರೆಸುವ ಬದಲು ಕಲಘಟಗಿ, ಕುಂದಗೋಳ, ನವಲಗುಂದದಿಂದ ತಿಂಗಳಿಗೊಮ್ಮೆ ಬರುವ ಸಮಾಲೋಚಕರ ಬಸ್ ಚಾರ್ಜು ಕೊಡಿ. ಇಂಥ ಎರಡು ಗುಂಪು ಕಟ್ಟಬಹುದು. ಇವತ್ತಿನ ನನ್ನ ಗೌರವಧನವನ್ನೂ ಅದಕ್ಕೇ ಇಟ್ಟುಕೊಳ್ಳಿ.

ಆ ತಾಯಿಯ ಪ್ರಶ್ನೆ ಇನ್ನೂ ಉಳಿದಿದೆ. ಹಳೆಯದಾದದ್ದು ನನಗೆ ಹೇಗೆ ಗೊತ್ತಾಗುತ್ತದೆ? ಹೋದ ಸೋಮವಾರ ನನ್ನ ಸರದಿ. ಗಂಡನನ್ನು ಕಳೆದುಕೊಂಡ ಒಬ್ಬಾಕೆಯ ತುಣುಕು ಹಾಕಿದೆ. ಆಕೆ ಮಾತಾಡುತ್ತ ಮಾತಾಡುತ್ತ ಸುಮ್ಮನಾಗುತ್ತಾಳೆ. ಉಸಿರು ಕೇಳುತ್ತದೆ. ಆಮೇಲೆ ತಂಬಿಗೆಯಿಂದ ಲೋಟಕ್ಕೆ ನೀರು ಬಗ್ಗಿಸುವ ಸದ್ದು, ನನ್ನ ಬಳೆಯ ಸದ್ದು, “ನೀರು ಕುಡೀರಿ.” ಪಿಯು ಕಾಲೇಜಿನ ಹುಡುಗಿ, ನನಗಿಂತ ಮೂವತ್ತೈದು ವರ್ಷ ಚಿಕ್ಕವಳು, ತುಣುಕನ್ನು ಅಲ್ಲಿಗೇ ನಿಲ್ಲಿಸಿದಳು.

“ಮೇಡಂ, ಅವರು ನೀರು ಕೇಳಿದ್ರೇನು?”

ಕೇಳಿರಲಿಲ್ಲ. ಅಳು ತುಟಿಗೆ ಬಂದ ಪ್ರತಿಯೊಬ್ಬರಿಗೂ ನಾನು ಮೂವತ್ತು ವರ್ಷದಿಂದ ನೀರು ಕೊಡುತ್ತಲೇ ಬಂದಿದ್ದೇನೆ. ಮನೆಗೆ ಬಂದವರಿಗೆ ನೀರು ಕೊಡುವುದು ನಮ್ಮ ಕಡೆಯ ರೀತಿ, ಅದರಲ್ಲಿ ಕೇಳುವಂಥದ್ದೇನಿದೆ ಎಂದು ಹೇಳಹೋದೆ. ಹುಡುಗಿ ಸ್ವಲ್ಪ ಹಿಂದಕ್ಕೆ ಸರಿಸಿ ಮತ್ತೆ ಹಾಕಿದಳು. ನೀರು ಕುಡಿದಾದ ಮೇಲೆ ಆಕೆ ಗಂಟಲು ಸರಿಮಾಡಿಕೊಂಡು, ಮಗನ ಶಾಲೆಯ ಫೀಸಿನ ವಿಷಯ ಶುರುಮಾಡುತ್ತಾಳೆ.

ಆಕೆ ನಾಡಿದ್ದು ಗುರುವಾರ ಬರುತ್ತೇನೆ ಎಂದಿದ್ದಾಳೆ. ತಂಬಿಗೆಯನ್ನು ಮೇಜಿನ ಮೇಲಿಂದ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದೇನೆ. ಕೇಳಿದರೆ ಕೈಗೆಟುಕುತ್ತದೆ.